ಇಂಚಿನ ಸಾವಿರದ ಒಂದು ಪಾಲು

ಕಾರವಾರದಿಂದ ಕಾಳಿ ನದಿ ದಾಟಿ, ಸದಾಶಿವಗಡವನ್ನು ಹಾದು, ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಉತ್ತರಕ್ಕೆ ಹೋದರೆ ಮಾಜಾಳಿ ಸಿಗುತ್ತದೆ. ಚೆಕ್‌ಪೋಸ್ಟ್ ಆಚೆಗೆ ಗೋವಾದ ಪೋಳೆಂ. 1961ರ ಡಿಸೆಂಬರ್‌ವರೆಗೆ ಇದು ಎರಡು ಆಡಳಿತಗಳ ಗಡಿಯಾಗಿತ್ತು. ಪೋರ್ಚುಗೀಸರ ಗೋವಾಕ್ಕೆ ಯುರೋಪಿನ ಕಾರುಗಳು ನೇರವಾಗಿ ಹಡಗಿನಲ್ಲಿ ಬಂದಿಳಿಯುತ್ತಿದ್ದವು. ಈಚೆಯ ನಮ್ಮ ರಸ್ತೆಗಳಲ್ಲಿ ಬಂಗಾಳದ ಉತ್ತರಪಾರಾದಲ್ಲಿ ತಯಾರಾದ ಅಂಬಾಸಡರ್ ಮತ್ತು ಮುಂಬೈಯ ಫಿಯೆಟ್ ಓಡಾಡುತ್ತಿದ್ದವು. ಹೀಗೆ ಗಡಿಯ ಎರಡೂ ಕಡೆ ಹಳೆಯ ಕಾರುಗಳು ಉಳಿದುಕೊಂಡವು. ಅವುಗಳಲ್ಲಿ ಒಂದರ ಎಂಜಿನ್ ಇಳಿಸಿ, ಬಿಚ್ಚಿ, ಬೋರ್ ಮಾಡಿಸಿ ಮತ್ತೆ ಕಟ್ಟಬೇಕೆಂದು ಹೊರಟವರ ಮುಂದೆ ಬಂದು ನಿಲ್ಲುವ ಮೊದಲ ಪ್ರಶ್ನೆ ಒಂದೇ: ಯಾವ ಅಳತೆಗೆ ಕಟ್ಟಬೇಕು, ಆ ಅಳತೆ ಸರಿಯೆಂದು ಹೇಗೆ ನಂಬಬೇಕು?

ಈ ಪ್ರಶ್ನೆ ಎಷ್ಟು ಸೂಕ್ಷ್ಮವಾದದ್ದು ಎಂಬುದಕ್ಕೆ ಅಂಬಾಸಡರನ್ನೇ ನೋಡಿ. 1957ರಲ್ಲಿ ಮಾರುಕಟ್ಟೆಗೆ ಬಂದಾಗ ಅದರೊಳಗೆ ಹಳೆಯ ಸೈಡ್ ವಾಲ್ವ್ ಎಂಜಿನ್ ಇತ್ತು. 1959ರಲ್ಲಿ ಅದರ ಜಾಗಕ್ಕೆ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ‘ಬಿ-ಸೀರೀಸ್’ ಎಂಬ 1489 ಸಿಸಿ ಎಂಜಿನ್ ಬಂತು. ಇದೇ ಬಿ-ಸೀರೀಸ್, ಇದೇ 1489 ಸಿಸಿ ಎಂಜಿನ್ 1955ರಲ್ಲಿ ಇಂಗ್ಲೆಂಡಿನ ಆ್ಯಬಿಂಗ್ಡನ್ ಕಾರ್ಖಾನೆಯಿಂದ ಹೊರಬಂದ, ಎಂಜಿ ಕಂಪನಿಯ ಎಂಜಿಎ ಎಂಬ ಸ್ಪೋರ್ಟ್ಸ್ ಕಾರಿನಲ್ಲೂ ಇತ್ತು. ಕಾರವಾರ ಬಸ್ ನಿಲ್ದಾಣದ ಪಕ್ಕ ಬಾಡಿಗೆಗೆ ನಿಲ್ಲುತ್ತಿದ್ದ ಬಿಳಿ ಅಂಬಾಸಡರ್ ಮತ್ತು ಇಂದು ಜಗತ್ತಿನ ಸಂಗ್ರಾಹಕರು ಹುಡುಕಿಕೊಂಡು ಹೋಗುವ ಎಂಜಿಎ, ಎರಡರ ಸಿಲಿಂಡರಿನ ವ್ಯಾಸವೂ 73.025 ಮಿಲಿಮೀಟರ್, ಪಿಸ್ಟನ್ ಮೇಲೆ ಕೆಳಗೆ ಚಲಿಸುವ ದೂರವೂ 88.9 ಮಿಲಿಮೀಟರ್.

ಆದರೂ ಅಂಬಾಸಡರಿನ ಎಂಜಿನ್ ಕೊಡುತ್ತಿದ್ದದ್ದು ಐವತ್ತರ ಆಸುಪಾಸಿನ ಅಶ್ವಶಕ್ತಿ, ಎಂಜಿಎ ಎಂಜಿನ್ ಕೊಡುತ್ತಿದ್ದದ್ದು 68, ಸ್ವಲ್ಪ ಕಾಲದಲ್ಲೇ 72. ಎಂಜಿಎಗೆ ಎರಡು ಎಸ್‌ಯು ಕಾರ್ಬುರೇಟರ್, ಬೇರೆ ಕ್ಯಾಮ್‌ಶಾಫ್ಟ್, ಹೆಚ್ಚಿನ ಸಂಪೀಡನ ಅನುಪಾತ. ನಮ್ಮ ದೇಶದಲ್ಲಿ ಹಳೆಯ ಎಂಜಿ ಕಾರುಗಳಿಗೆ ಅಂಬಾಸಡರಿನ ಬಿಡಿಭಾಗಗಳನ್ನು ಹಾಕಿಕೊಂಡು ಓಡಿಸಿದವರು ಬೇಕಾದಷ್ಟು ಜನ ಇದ್ದಾರೆ. ಬ್ಲಾಕ್ ಒಂದೇ ಎಂಬುದರಿಂದ ಅದು ಸಾಧ್ಯವಾಯಿತು. ಬ್ಲಾಕ್ ಒಂದೇ ಎಂದು ಎಲ್ಲ ಅಳತೆಗಳೂ ಒಂದೇ ಎಂದುಕೊಂಡಲ್ಲಿ ಪಿಸ್ಟನ್ ತೂತಾಯಿತು, ಬೇರಿಂಗ್ ಸುಟ್ಟಿತು. ರೋಗಿಯ ಹೆಸರಿಲ್ಲದ ಔಷಧಿ ಚೀಟಿಯಂತೆ, ಯಾವ ಎಂಜಿನ್ನಿಗೆ ಎಂದು ತಿಳಿಯದ ಅಳತೆ ಎಷ್ಟೇ ಖಚಿತವಾಗಿ ಕಂಡರೂ ಅಪಾಯವೇ.

ಈ ಅಧ್ಯಾಯದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟು. ನಂಬಬಹುದಾದ ಅಳತೆಗೆ ಮೂರು ಲಕ್ಷಣಗಳಿವೆ. ಅದು ಯಾವ ಎಂಜಿನ್ನಿನದು ಎಂದು ಗೊತ್ತಿರಬೇಕು. ಯಾವ ಸ್ಥಿತಿಯಲ್ಲಿ ಅನ್ವಯಿಸುತ್ತದೆ ಎಂದು ಗೊತ್ತಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಅದು ಅಷ್ಟೇ ಏಕೆ ಎಂಬ ಕಾರಣ ಗೊತ್ತಿರಬೇಕು. ಕಾರಣ ಗೊತ್ತಿದ್ದವರು ತಪ್ಪು ಅಂಕಿಯನ್ನು ಕೆಲಸಕ್ಕೆ ಇಳಿಯುವ ಮೊದಲೇ ಹಿಡಿಯಬಲ್ಲರು.

ಮೊದಲು ಗುರುತು, ಆಮೇಲೆ ಅಳತೆ

ಎಂಜಿಎ ಎಂಜಿನ್ನಿನ ಮೇಲೊಂದು ಪಟ್ಟಿ ಇರುತ್ತದೆ. 1489 ಸಿಸಿಯ ಎಂಜಿನ್ ಸಂಖ್ಯೆ 15ಜಿಬಿ ಅಥವಾ 15ಜಿಡಿ ಎಂದು ಶುರುವಾಗುತ್ತದೆ. 1588 ಸಿಸಿಯ ಸಾಮಾನ್ಯ ಎಂಜಿನ್ನಿಗೆ 16ಜಿಎ. ಅದೇ 1588 ಸಿಸಿಯ, ಆದರೆ ಹೆಡ್ಡಿನ ಮೇಲೆ ಎರಡು ಕ್ಯಾಮ್‌ಶಾಫ್ಟ್ ಇರುವ ‘ಟ್ವಿನ್ ಕ್ಯಾಮ್’ ಎಂಜಿನ್ನಿಗೆ 16ಜಿಬಿ. ಕೊನೆಯ ಒಂದೇ ಒಂದು ಅಕ್ಷರ ಬದಲಾದರೆ ಹೆಡ್, ಪಿಸ್ಟನ್, ಕವಾಟ, ಸಂಪೀಡನ ಎಲ್ಲವೂ ಬದಲು. ಕವಾಟದ ಸಂದು, ಅಂದರೆ ಮೆಕ್ಯಾನಿಕರು ಟ್ಯಾಪೆಟ್ ಎಂದು ಕರೆಯುವ ಅಳತೆ, 1489 ಸಿಸಿ ಎಂಜಿಎಗೆ ಇಂಚಿನ ಸಾವಿರದ 17 ಪಾಲು, 1588 ಸಿಸಿಯ ಸಾಮಾನ್ಯ ಎಂಜಿನ್ನಿಗೆ 15 ಪಾಲು.

ಅದೇ ಕಂಪನಿಯ ಎಂಜಿಬಿ ಇನ್ನೂ ಮೋಸಗೊಳಿಸುವಂಥದ್ದು. 1962ರಿಂದ 1980ರವರೆಗೆ ಬಂದ ಈ ಕಾರಿನ ಎಂಜಿನ್ ಉದ್ದಕ್ಕೂ 1798 ಸಿಸಿ. ಆದರೆ ಮೊದಲ ಎರಡು ವರ್ಷಗಳ ಎಂಜಿನ್‌ಗಳ ಕ್ರ್ಯಾಂಕ್‌ಶಾಫ್ಟ್ ಮೂರು ಬೇರಿಂಗುಗಳ ಮೇಲೆ ತಿರುಗುತ್ತದೆ, 1964ರ ಅಕ್ಟೋಬರ್ ನಂತರದ 18ಜಿಬಿ ಎಂಜಿನ್‌ಗಳದ್ದು ಐದು ಬೇರಿಂಗುಗಳ ಮೇಲೆ. ಕಾರಿನ ಹೆಸರು ಮತ್ತು ಸಿಸಿ ಮಾತ್ರ ಹೇಳಿ ಅಂಗಡಿಯಿಂದ ಬೇರಿಂಗ್ ಸೆಟ್ ತರಿಸಿದರೆ ಅದು ಕೂರುವುದೇ ಇಲ್ಲ. ಅಂಬಾಸಡರಿಗೂ 1992ರಿಂದ ಜಪಾನಿನ ಇಸುಜುವಿನ 1.8 ಲೀಟರ್ ಪೆಟ್ರೋಲ್ ಎಂಜಿನ್ ಬಂತು. ಹೊರಗಿನ ಮೈಕಟ್ಟು ಅದೇ, ಒಳಗಿನ ಯಂತ್ರ ಪೂರಾ ಬೇರೆ.

ಕರ್ನಾಟಕದ್ದೇ ಆದ ಉದಾಹರಣೆ ಬೇಕೆಂದರೆ ಬೆಂಗಳೂರಿನ ಸಿಪಾನಿ ಡಾಲ್ಫಿನ್ ಇದೆ. ಎಂಬತ್ತರ ದಶಕದಲ್ಲಿ ಫೈಬರ್‌ಗ್ಲಾಸ್ ಮೈಯ ಈ ಪುಟ್ಟ ಕಾರು ನಮ್ಮ ರ‍್ಯಾಲಿಗಳಲ್ಲಿ ಓಡಿತು. ಅದರ ಮೂಲ ಬ್ರಿಟನ್ನಿನ ರಿಲಯಂಟ್ ಕಿಟನ್. 848 ಸಿಸಿಯ ಎಂಜಿನ್ನಿನ ಬ್ಲಾಕ್ ಮತ್ತು ಹೆಡ್ ಎರಡೂ ಅಲ್ಯೂಮಿನಿಯಂ, ಒಳಗೆ ಸುತ್ತಲೂ ನೀರು ಹರಿಯುವ ಬಿಡಿ ಲೈನರುಗಳು. ಎರಕದ ಕಬ್ಬಿಣದ ಎಂಜಿನ್ನಿನ ಮೇಲೆ ಕೈ ಪಳಗಿದ ಮಿಸ್ತ್ರಿ ಅದೇ ರೂಢಿಯಲ್ಲಿ ಇದರ ಬೋಲ್ಟುಗಳನ್ನು ಬಿಗಿದರೆ ಅಲ್ಯೂಮಿನಿಯಂನ ಮರೆ (ತಿರುಪಿನ ಸುರುಳಿ) ಕಿತ್ತು ಬರುತ್ತದೆ. ಇದರ ಅಳತೆ ಬೇಕಾದವರು ಬ್ರಿಟನ್ನಿನ ರಿಲಯಂಟ್ ದಾಖಲೆಗಳತ್ತಲೇ ತಿರುಗಬೇಕು. ಅಲ್ಲಿ ಈ ಎಂಜಿನ್ನನ್ನು 750 ಫಾರ್ಮುಲಾ ಪಂದ್ಯಗಳಲ್ಲಿ ಬಹಳ ಕಾಲ ಓಡಿಸಿದ್ದರಿಂದ ಅದರ ಒಳಗುಟ್ಟು ಬಲ್ಲವರು ಇಂದಿಗೂ ಇದ್ದಾರೆ.

ಲೆಕ್ಕವೇ ಮೊದಲ ಸಾಕ್ಷಿ

ಕೈಗೆ ಸಿಕ್ಕ ಅಳತೆಯನ್ನು ಪರೀಕ್ಷಿಸಲು ಕೆಲವೊಮ್ಮೆ ಪ್ರೌಢಶಾಲೆಯ ಗಣಿತ ಸಾಕು. ಮಿಲಿಮೀಟರಿನಲ್ಲಿರುವ ಸಿಲಿಂಡರಿನ ವ್ಯಾಸದ ವರ್ಗವನ್ನು 0.7854ರಿಂದ ಗುಣಿಸಿ, ಬಂದದ್ದನ್ನು ಸ್ಟ್ರೋಕಿನಿಂದ, ಅಂದರೆ ಪಿಸ್ಟನ್ ಚಲಿಸುವ ದೂರದಿಂದ ಗುಣಿಸಿ, ಸಿಲಿಂಡರುಗಳ ಸಂಖ್ಯೆಯಿಂದ ಗುಣಿಸಿ, ಸಾವಿರದಿಂದ ಭಾಗಿಸಿದರೆ ಎಂಜಿನ್ನಿನ ಸಿಸಿ ಬರಬೇಕು. ಬಿ-ಸೀರೀಸ್‌ನ 73.025 ಮತ್ತು 88.9 ಹಾಕಿದರೆ 1489 ಬರುತ್ತದೆ. ಫಿಯೆಟ್ 1100ರ 68 ಮತ್ತು 75 ಹಾಕಿದರೆ 1089. ಡಾಲ್ಫಿನ್‌ನ 62.5 ಮತ್ತು 69.1 ಹಾಕಿದರೆ 848. ಯಾರೋ ಕೊಟ್ಟ ಪಟ್ಟಿಯಲ್ಲಿ ವ್ಯಾಸ, ಸ್ಟ್ರೋಕ್, ಸಿಸಿ ಮೂರೂ ಇದ್ದು, ಅವು ಒಂದಕ್ಕೊಂದು ತಾಳೆಯಾಗದಿದ್ದರೆ ಆ ಪಟ್ಟಿಯ ಉಳಿದ ಅಂಕಿಗಳನ್ನೂ ಅನುಮಾನದಿಂದಲೇ ನೋಡಬೇಕು.

73.025 ಎಂಬ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು? ಅದು ಎರಡು ಮುಕ್ಕಾಲರ ಮೇಲೆ ಅರೆಕಾಲು ಇಂಚು, ಅಂದರೆ 2.875 ಇಂಚು. 88.9 ಎಂಬುದು ಸರಿಯಾಗಿ ಮೂರೂವರೆ ಇಂಚು. ಈ ಎಂಜಿನ್ ಹುಟ್ಟಿದ್ದೇ ಇಂಚಿನಲ್ಲಿ. ಭಾರತ 1956ರ ಕಾಯ್ದೆಯ ಮೂಲಕ ಮೆಟ್ರಿಕ್ ಪದ್ಧತಿಗೆ ಬಂತು. ಆದರೂ ಲೇತ್ ಅಂಗಡಿಗಳಲ್ಲಿ ಇಂದಿಗೂ ಇಂಚಿನ ಸಾವಿರದ ಒಂದು ಪಾಲಾದ ‘ಥೌ’ ಚಲಾವಣೆಯಲ್ಲಿದೆ. ಒಂದು ಥೌ ಎಂದರೆ 0.0254 ಮಿಲಿಮೀಟರ್. ‘ನಲವತ್ತು ಓವರ್‌ಸೈಜ್’ ಎಂದರೆ ಸಿಲಿಂಡರ್ 40 ಥೌ, ಅಂದರೆ ಒಂದು ಮಿಲಿಮೀಟರಿಗಿಂತ ಕೂದಲೆಳೆಯಷ್ಟು ಹೆಚ್ಚು, ದೊಡ್ಡದಾಗಿದೆ ಎಂದರ್ಥ. ಫಿಯೆಟ್, ಓಪೆಲ್, ಮರ್ಸಿಡಿಸ್‌ಗಳ ಪುಸ್ತಕಗಳು ಮೆಟ್ರಿಕ್‌ನಲ್ಲಿವೆ, ಬ್ರಿಟಿಷ್ ಕಾರುಗಳ ಪುಸ್ತಕಗಳು ಇಂಚಿನಲ್ಲಿವೆ. ಎರಡೂ ಬಗೆಯ ಕಾರುಗಳು ಹಾದುಹೋದ ಮಾಜಾಳಿಯಂಥ ಗಡಿ ಊರಿನಲ್ಲಿ ಕೇಳಬೇಕಾದ ಪ್ರಶ್ನೆ: ಈ ಅಂಕಿ ಮೊದಲು ಯಾವ ಮಾನದಲ್ಲಿ ಬರೆದದ್ದು? ಇಂಚಿನಿಂದ ಮಿಲಿಮೀಟರಿಗೆ, ಮತ್ತೆ ಮಿಲಿಮೀಟರಿನಿಂದ ಇಂಚಿಗೆ ಪರಿವರ್ತಿಸುವಾಗ ಕೊನೆಯ ಅಂಕೆಯನ್ನು ಕೈಬಿಟ್ಟರೆ ಒಂದೆರಡು ಥೌ ಸುಲಭವಾಗಿ ಕಳೆದುಹೋಗುತ್ತದೆ. ಬೇರಿಂಗಿನ ವಿಚಾರದಲ್ಲಿ ಒಂದೆರಡು ಥೌ ಎಂದರೆ ಇಡೀ ಸಂದಿಯೇ ಅಷ್ಟು.

ಪಿಸ್ಟನ್ ಮತ್ತು ಸಿಲಿಂಡರಿನ ನಡುವಿನ ಜಾಗ

ಸಿಲಿಂಡರ್ ಎರಕದ ಕಬ್ಬಿಣದ್ದು, ಪಿಸ್ಟನ್ ಅಲ್ಯೂಮಿನಿಯಂದು. ಬಿಸಿಯಾದಾಗ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ. 73 ಮಿಲಿಮೀಟರಿನ ಪಿಸ್ಟನ್ನಿನ ಸ್ಕರ್ಟ್ ಎಂಬ ಕೆಳಭಾಗ 100 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾದರೆ ಸುಮಾರು 0.17 ಮಿಲಿಮೀಟರ್ ಹಿಗ್ಗುತ್ತದೆ. ಸುತ್ತಲಿನ ಸಿಲಿಂಡರ್ 70 ಡಿಗ್ರಿ ಬಿಸಿಯಾದರೆ ಹಿಗ್ಗುವುದು 0.06 ಮಿಲಿಮೀಟರಿನಷ್ಟೇ. ಈ ವ್ಯತ್ಯಾಸವನ್ನು ನುಂಗಿಕೊಳ್ಳಲು ಪಿಸ್ಟನ್ನಿನ ವಿನ್ಯಾಸಕಾರರು ಸ್ಕರ್ಟನ್ನು ಅಂಡಾಕಾರಕ್ಕೆ ಕಡೆಯುತ್ತಾರೆ, ಮೇಲ್ಭಾಗವನ್ನು ಕಿರಿದಾಗಿಸುತ್ತಾರೆ, ಕೆಲವು ಹಳೆಯ ಪಿಸ್ಟನ್ನುಗಳ ಸ್ಕರ್ಟಿನಲ್ಲಿ ಸೀಳು ಬಿಡುತ್ತಾರೆ. ಮಿಶ್ರಲೋಹದಲ್ಲಿ ಸಿಲಿಕಾನ್ ಹೆಚ್ಚಿಸಿದರೆ ಹಿಗ್ಗುವಿಕೆ ತಗ್ಗುತ್ತದೆ. ಕುಟ್ಟಿ ಮಾಡಿದ ರೇಸಿಂಗ್ ಪಿಸ್ಟನ್ನುಗಳು ಸಾಮಾನ್ಯವಾಗಿ ಎರಕದವುಗಳಿಗಿಂತ ಹೆಚ್ಚು ಜಾಗ ಕೇಳುತ್ತವೆ.

ಹೀಗಾಗಿ ಪಿಸ್ಟನ್ ಮತ್ತು ಸಿಲಿಂಡರಿನ ನಡುವೆ ಬಿಡಬೇಕಾದ ಸಂದು ಪಿಸ್ಟನ್ನಿನ ಗುಣಕ್ಕೆ ಸೇರಿದ್ದು. 1955ರ ಪುಸ್ತಕದಲ್ಲಿರುವ ಸಂದು 1955ರ ಪಿಸ್ಟನ್ನಿಗೆ ಸರಿ. ಇಂದು ಹೊಸದಾಗಿ ಕೊಂಡ ಪಿಸ್ಟನ್ ಬೇರೆ ಕಂಪನಿಯದು, ಬೇರೆ ಮಿಶ್ರಲೋಹದ್ದು, ಸೀಳಿಲ್ಲದ ಸ್ಕರ್ಟಿನದು ಎಂದಾದರೆ ಅದರ ಡಬ್ಬಿಯ ಜೊತೆ ಬರುವ ಚೀಟಿಯ ಅಳತೆಯೇ ಮಾನ್ಯ. ಪುಸ್ತಕ ಮತ್ತು ಚೀಟಿ ಬೇರೆ ಬೇರೆ ಹೇಳಿದಾಗ ಇಲ್ಲಿ ಚೀಟಿಯ ಮಾತು ನಡೆಯಬೇಕು. ಪಿಸ್ಟನ್ ಕೈಗೆ ಬರುವ ಮೊದಲೇ ಬ್ಲಾಕನ್ನು ಬೋರಿಂಗಿಗೆ ಕಳಿಸಬಾರದು ಎಂದು ಹಿರಿಯ ಮೆಕ್ಯಾನಿಕರು ಹೇಳುವುದು ಇದೇ ಕಾರಣಕ್ಕೆ.

ಅಳೆಯುವ ಕೆಲಸವನ್ನೇ ಹತ್ತಿರದಿಂದ ನೋಡೋಣ. ಬೋರ್ ಡಯಲ್ ಗೇಜನ್ನು ಸಿಲಿಂಡರಿನೊಳಗೆ ಇಳಿಸಿ ಮೆಲ್ಲಗೆ ಆಚೀಚೆ ತೂಗಿದರೆ ಮುಳ್ಳು ಒಂದು ಕಡೆ ಹೋಗಿ ತಿರುಗಿ ಹಿಂದೆ ಬರುತ್ತದೆ. ತಿರುಗಿದ ಆ ಬಿಂದುವೇ ನಿಜವಾದ ವ್ಯಾಸ. ಮೇಲೆ, ನಡುವೆ, ಕೆಳಗೆ ಹೀಗೆ ಮೂರು ಎತ್ತರಗಳಲ್ಲಿ, ಪ್ರತಿ ಎತ್ತರದಲ್ಲೂ ಕ್ರ್ಯಾಂಕಿನ ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ ಅಳೆಯಬೇಕು. ಒಂದು ಸಿಲಿಂಡರಿಗೆ ಆರು ಅಂಕಿ, ನಾಲ್ಕಕ್ಕೆ ಇಪ್ಪತ್ನಾಲ್ಕು. ಹಳೆಯ ಎಂಜಿನ್ನಿನಲ್ಲಿ ಮೇಲಿನ ಅಂಕಿ ಸಾಮಾನ್ಯವಾಗಿ ದೊಡ್ಡದು. ಮೇಲಿನ ರಿಂಗು ದಿಕ್ಕು ಬದಲಿಸುವ ಜಾಗದಲ್ಲಿ ಪಿಸ್ಟನ್ ಒಂದು ಕ್ಷಣ ನಿಲ್ಲುತ್ತದೆ, ವೇಗವಿಲ್ಲದೆ ಎಣ್ಣೆಯ ಪದರ ತೆಳುವಾಗುತ್ತದೆ, ಅದೇ ಕ್ಷಣದಲ್ಲಿ ಉರಿಯುವ ಅನಿಲದ ಒತ್ತಡ ಅತಿ ಹೆಚ್ಚಿರುತ್ತದೆ. ಲೋಹ ಸವೆಯುವುದು ಅಲ್ಲಿ.

ಅಳೆಯುವಾಗಿನ ಉಷ್ಣತೆಯೂ ಲೆಕ್ಕಕ್ಕೆ ಬರುತ್ತದೆ. ಜಗತ್ತಿನಾದ್ಯಂತ ಉದ್ದದ ಅಳತೆಗಳನ್ನು 20 ಡಿಗ್ರಿ ಸೆಲ್ಸಿಯಸ್‌ಗೆ ಎಂದು ಇಟ್ಟುಕೊಳ್ಳಲಾಗಿದೆ. ಕಾರವಾರದ ಮಧ್ಯಾಹ್ನ 32 ಡಿಗ್ರಿ ಇದ್ದಾಗ ಉಕ್ಕಿನ ಮೈಕ್ರೊಮೀಟರಿನಲ್ಲಿ ಅಲ್ಯೂಮಿನಿಯಂ ಪಿಸ್ಟನ್ ಅಳೆದರೆ ಅದು ಸುಮಾರು 0.01 ಮಿಲಿಮೀಟರ್ ದೊಡ್ಡದಾಗಿ ಕಾಣುತ್ತದೆ. ಅದು ಹೆಚ್ಚುಕಡಿಮೆ ಅರ್ಧ ಥೌ. ಕಬ್ಬಿಣದ ಬ್ಲಾಕ್ ಉಕ್ಕಿನಷ್ಟೇ ಹಿಗ್ಗುವುದರಿಂದ ಅಲ್ಲಿ ಇಂಥ ವ್ಯತ್ಯಾಸ ಬರುವುದಿಲ್ಲ. ಬಿಸಿಲಲ್ಲಿಟ್ಟ ಪಿಸ್ಟನ್ನನ್ನು ನೆರಳಿನ ಬ್ಲಾಕಿಗೆ ಹೋಲಿಸಿದರೆ ತಪ್ಪು ಇನ್ನೂ ದೊಡ್ಡದು. ಬ್ಲಾಕ್, ಪಿಸ್ಟನ್, ಮೈಕ್ರೊಮೀಟರ್ ಮೂರನ್ನೂ ರಾತ್ರಿಯಿಡೀ ಒಂದೇ ಕೋಣೆಯಲ್ಲಿಟ್ಟು ಬೆಳಗಿನ ತಂಪಿನಲ್ಲಿ ಅಳೆಯುವುದು ಕರಾವಳಿಯಲ್ಲಿ ಒಳ್ಳೆಯ ರೂಢಿ.

ಕರಾವಳಿಯ ಎಂಜಿನ್ನಿಗೆ ಇನ್ನೊಂದು ಕಾಟವಿದೆ. ಉಪ್ಪಿನ ಹರಳು ಗಾಳಿಯ ತೇವಾಂಶ ಶೇ 75 ದಾಟಿದರೆ ತಾನಾಗಿಯೇ ನೀರು ಹೀರಿ ಕರಗುತ್ತದೆ. ಮಳೆಗಾಲದ ಮಾಜಾಳಿಯಲ್ಲಿ ಗಾಳಿ ಬಹುಪಾಲು ಹೊತ್ತು ಅದಕ್ಕಿಂತ ಒದ್ದೆಯಾಗಿರುತ್ತದೆ. ವರ್ಷಗಟ್ಟಲೆ ನಿಂತ ಕಾರಿನ ಸಿಲಿಂಡರಿನಲ್ಲಿ ತುಕ್ಕಿನ ಕುಳಿಗಳು ಬೀಳುವುದು ಹೀಗೆ. ಆ ಕುಳಿಗಳು ಹೋಗುವವರೆಗೆ ಬೋರ್ ಮಾಡಬೇಕು. ಬಿ-ಸೀರೀಸ್‌ಗೆ ಕಾರ್ಖಾನೆಯೇ 10, 20, 30, 40 ಥೌ ಓವರ್‌ಸೈಜ್ ಪಿಸ್ಟನ್ನುಗಳನ್ನು ಕೊಟ್ಟಿತ್ತು. 40ಕ್ಕೂ ಕುಳಿ ಹೋಗದಿದ್ದರೆ ಸ್ಲೀವ್ ಹಾಕಿಸಿ ಮೂಲ ಅಳತೆಗೆ ಮರಳುವುದು ಕ್ಷೇಮ. ಹೋನಿಂಗ್ (ಒಳಮೈಯನ್ನು ಉಜ್ಜಿ ಹದಗೊಳಿಸುವ ಕೆಲಸ) ಆದ ಸಿಲಿಂಡರನ್ನು ಬಿಸಿ ಸೋಪು ನೀರಿನಲ್ಲಿ ತಿಕ್ಕಿ ತೊಳೆದು, ಒರೆಸಿ, ಆ ಕ್ಷಣವೇ ಎಣ್ಣೆ ಹಚ್ಚಬೇಕು. ಮರುದಿನಕ್ಕೆಂದು ಬಿಟ್ಟರೆ ಬೆಳಗಾಗುವಷ್ಟರಲ್ಲಿ ಅದರ ಮೇಲೆ ಕೆಂಪು ಪೊರೆ ಕಟ್ಟಿರುತ್ತದೆ.

ಎಣ್ಣೆಯ ಮೇಲೆ ತೇಲುವ ಉಕ್ಕು

1883ರಲ್ಲಿ ಬೋಷಾಂಪ್ ಟವರ್ ಎಂಬ ಇಂಗ್ಲಿಷ್ ಎಂಜಿನಿಯರ್ ರೈಲು ಗಾಲಿಯ ಬೇರಿಂಗುಗಳ ಮೇಲೆ ಪ್ರಯೋಗ ನಡೆಸುತ್ತಿದ್ದರು. ಎಣ್ಣೆ ಹಾಕಲೆಂದು ಬೇರಿಂಗಿನ ನೆತ್ತಿಯಲ್ಲಿ ಒಂದು ರಂಧ್ರ ಕೊರೆದರು. ಯಂತ್ರ ತಿರುಗಲು ಶುರುವಾದಾಗ ಎಣ್ಣೆ ಒಳಗೆ ಹೋಗುವ ಬದಲು ರಂಧ್ರದಿಂದ ಉಕ್ಕಿ ಹೊರಬಂತು. ಬಿರಡೆ ಹಾಕಿದರು, ಅದು ಹೊರಗೆ ತಳ್ಳಿಸಿಕೊಂಡಿತು. ಮರದ ಗೂಟ ಹೊಡೆದರು, ಅದೂ ಹೊರಬಂತು. ಒತ್ತಡಮಾಪಕ ಜೋಡಿಸಿದಾಗ ಮುಳ್ಳು ಚದರ ಇಂಚಿಗೆ 200 ಪೌಂಡ್ ದಾಟಿತು. ಬೇರಿಂಗಿನ ಮೇಲಿದ್ದ ಸರಾಸರಿ ಭಾರಕ್ಕಿಂತ ಅದು ಎರಡರಷ್ಟು. 1886ರಲ್ಲಿ ಆಸ್ಬಾರ್ನ್ ರೆನಾಲ್ಡ್ಸ್ ಇದಕ್ಕೆ ಗಣಿತ ಕೊಟ್ಟರು. ತಿರುಗುವ ದಂಡ ತನ್ನ ಜೊತೆ ಎಣ್ಣೆಯನ್ನು ಕಿರಿದಾಗುತ್ತ ಹೋಗುವ ಸಂದಿಗೆ ಎಳೆದೊಯ್ಯುತ್ತದೆ, ಅಲ್ಲಿ ಒತ್ತಡ ಹುಟ್ಟುತ್ತದೆ, ಆ ಒತ್ತಡವೇ ದಂಡವನ್ನು ಎತ್ತಿ ಹಿಡಿಯುತ್ತದೆ. ಓಡುವ ಎಂಜಿನ್ನಿನಲ್ಲಿ ಕ್ರ್ಯಾಂಕ್ ಬೇರಿಂಗನ್ನು ಮುಟ್ಟುವುದೇ ಇಲ್ಲ, ಎಣ್ಣೆಯ ಮೇಲೆ ತೇಲುತ್ತದೆ.

ಆ ಸಂದು ಎಷ್ಟಿರಬೇಕು? ದಂಡದ ವ್ಯಾಸದ ಪ್ರತಿ ಇಂಚಿಗೆ ಸುಮಾರು ಒಂದು ಥೌ ಎಂಬುದು ಎಂಜಿನ್ ಕಟ್ಟುವವರ ಹಳೆಯ ಸೂತ್ರ. 1489 ಸಿಸಿ ಎಂಜಿಎಯ ಮುಖ್ಯ ಜರ್ನಲ್ಲಿನ, ಅಂದರೆ ಕ್ರ್ಯಾಂಕ್‌ಶಾಫ್ಟ್ ಬೇರಿಂಗಿನಲ್ಲಿ ತಿರುಗುವ ಭಾಗದ, ವ್ಯಾಸ ಎರಡು ಇಂಚು. ಹಾಗಾಗಿ ಅಲ್ಲಿ ಎರಡು ಥೌ ಆಸುಪಾಸಿನ ಸಂದು ನಂಬಲರ್ಹ. ಯಾರಾದರೂ ಐದು ಥೌ ಎಂದರೆ ಕೈ ತಡೆಯಬೇಕು. ಸಂದಿನಿಂದ ಸೋರುವ ಎಣ್ಣೆಯ ಪ್ರಮಾಣ ಸಂದಿನ ಘನಕ್ಕೆ ಅನುಗುಣವಾಗಿ ಏರುತ್ತದೆ. ಸಂದು ಇಮ್ಮಡಿಯಾದರೆ ಸೋರಿಕೆ ಎಂಟು ಪಟ್ಟು. ಆಯಿಲ್ ಪಂಪ್ ಅಷ್ಟನ್ನು ಪೂರೈಸಲಾರದು, ಒತ್ತಡ ಕುಸಿಯುತ್ತದೆ, ಕೊನೆಯ ಬೇರಿಂಗಿಗೆ ಎಣ್ಣೆ ಮುಟ್ಟುವುದಿಲ್ಲ. ಸಂದು ತೀರಾ ಕಡಿಮೆಯಾದರೆ ಎಣ್ಣೆ ಹರಿಯದೆ ಬಿಸಿಯೇರಿ ಬೇರಿಂಗ್ ಹಿಡಿದುಕೊಳ್ಳುತ್ತದೆ. ಇಂಥ ಸರಳ ಸೂತ್ರ ಕಾರ್ಖಾನೆಯ ಅಳತೆಗೆ ಬದಲಿಯಾಗಲಾರದು. ಆದರೆ ಮುದ್ರಣದಲ್ಲಿ ದಶಾಂಶ ಚುಕ್ಕೆ ಒಂದು ಮನೆ ಆಚೆಗೆ ಬಿದ್ದಿದ್ದರೆ ಅದನ್ನು ಹಿಡಿದುಕೊಡಲು ಸಾಕು.

ಒಂದು ಬ್ಯುರೆಟ್, ಒಂದು ಅಕ್ರಿಲಿಕ್ ಹಾಳೆ

ಸಂಪೀಡನ ಅನುಪಾತ, ಅಂದರೆ ಪಿಸ್ಟನ್ ಕೆಳಗಿದ್ದಾಗಿನ ಜಾಗ ಮೇಲಿದ್ದಾಗಿನ ಜಾಗದ ಎಷ್ಟು ಪಟ್ಟು ಎಂಬುದು, ಪುಸ್ತಕದಿಂದ ಎತ್ತಿಕೊಳ್ಳುವಂಥದ್ದಲ್ಲ, ಎದುರಿಗಿರುವ ಎಂಜಿನ್ನಿನ ಮೇಲೆ ಲೆಕ್ಕ ಹಾಕಿ ತೆಗೆಯಬೇಕಾದದ್ದು. ಎಂಜಿಎಗೆ ಪುಸ್ತಕ ಹೇಳುವುದು 8.3ಕ್ಕೆ 1. ಒಂದು ಸಿಲಿಂಡರಿನ ಸ್ಟ್ರೋಕಿನ ಗಾತ್ರ 372 ಸಿಸಿ. ಹಾಗಾದರೆ ಪಿಸ್ಟನ್ ಮೇಲಿದ್ದಾಗ ಉಳಿಯುವ ಜಾಗ 51 ಸಿಸಿ ಇರಬೇಕು. ಈಗ 40 ಥೌ ಬೋರ್ ಮಾಡಿಸಿದಿರಿ ಎನ್ನಿ. ಸ್ಟ್ರೋಕಿನ ಗಾತ್ರ 383 ಸಿಸಿಗೆ ಏರುತ್ತದೆ, ಎಂಜಿನ್ 1531 ಸಿಸಿ ಆಗುತ್ತದೆ, ಉಳಿಯುವ ಜಾಗ ಹೆಚ್ಚುಕಡಿಮೆ ಅಷ್ಟೇ ಇದ್ದರೆ ಅನುಪಾತ 8.5. ಹಿಂದೊಮ್ಮೆ ಯಾರೋ ಹೆಡ್ ಮುಖ ಉಜ್ಜಿಸಿ ಅದರ ಕೋಣೆಯಿಂದ 3 ಸಿಸಿ ಕಡಿಮೆಯಾಗಿದ್ದರೆ ಅದು ಒಂಬತ್ತರ ಹತ್ತಿರ ಹೋಗುತ್ತದೆ. ಅರವತ್ತು ವರ್ಷಗಳಲ್ಲಿ ಎಷ್ಟು ಬಾರಿ ಉಜ್ಜಿದ್ದಾರೆಂದು ಯಾವ ಪುಸ್ತಕವೂ ಹೇಳಲಾರದು.

ಆದ್ದರಿಂದ ಕವಾಟ ಮತ್ತು ಸ್ಪಾರ್ಕ್ ಪ್ಲಗ್ ಕೂರಿಸಿದ ಹೆಡ್ಡನ್ನು ಮಗುಚಿ ಮಟ್ಟವಾಗಿ ಇಟ್ಟು, ಕೋಣೆಯ ಅಂಚಿಗೆ ತೆಳುವಾಗಿ ಗ್ರೀಸ್ ಸವರಿ, ನಡುವೆ ಒಂದು ತೂತಿರುವ ಪಾರದರ್ಶಕ ಅಕ್ರಿಲಿಕ್ ಹಾಳೆಯನ್ನು ಒತ್ತಬೇಕು. ಬ್ಯುರೆಟ್ಟಿನಿಂದ ಬಣ್ಣ ಬೆರೆಸಿದ ಸೀಮೆಎಣ್ಣೆಯನ್ನು ಹನಿ ಹನಿಯಾಗಿ ಬಿಡಬೇಕು. ಹಾಳೆಯ ಕೆಳಗೆ ಗಾಳಿಯ ಗುಳ್ಳೆ ಮೆಲ್ಲಗೆ ಕಿರಿದಾಗುತ್ತ ತೂತಿನ ಕಡೆ ಸರಿಯುತ್ತದೆ. ಅದು ಮಾಯವಾದ ಕ್ಷಣದಲ್ಲಿ ಬ್ಯುರೆಟ್ ಓದಿದರೆ ಕೋಣೆಯ ಗಾತ್ರ ಸಿಸಿಯ ಹತ್ತನೆಯ ಭಾಗದವರೆಗೆ ಸಿಗುತ್ತದೆ. ಪಿಯುಸಿ ರಸಾಯನ ಪ್ರಯೋಗಾಲಯದಲ್ಲಿರುವ ಬ್ಯುರೆಟ್ಟೇ ಇದಕ್ಕೆ ಸಾಕು. ನಾಲ್ಕೂ ಕೋಣೆಗಳನ್ನು ಅಳೆದು, ಅದಕ್ಕೆ ಗ್ಯಾಸ್ಕೆಟ್ಟಿನ ದಪ್ಪದ ಜಾಗ ಮತ್ತು ಪಿಸ್ಟನ್ ತಲೆಯ ಗುಂಡಿಯನ್ನು ಸೇರಿಸಿದರೆ ನಿಜವಾದ ಅನುಪಾತ ಗೊತ್ತಾಗುತ್ತದೆ.

ಇಷ್ಟು ತಲೆ ಕೆಡಿಸಿಕೊಳ್ಳಬೇಕೇ ಎಂದು ಕೇಳುವವರು ಟ್ವಿನ್ ಕ್ಯಾಮ್ ಎಂಜಿಎಯ ಕಥೆ ಕೇಳಬೇಕು. 1958ರಲ್ಲಿ ಅದು 9.9ರ ಅನುಪಾತದೊಂದಿಗೆ ಬಂತು. ಉತ್ತಮ ದರ್ಜೆಯ ಪೆಟ್ರೋಲ್ ಮತ್ತು ಕರಾರುವಾಕ್ಕಾದ ಇಗ್ನಿಷನ್ ಟೈಮಿಂಗ್ ಇಲ್ಲದೆ ಅದು ನಾಕಿಂಗ್ ಮಾಡಿ (ಇಂಧನ ಅಕಾಲದಲ್ಲಿ ಸಿಡಿದು) ಪಿಸ್ಟನ್ನುಗಳ ತಲೆಗೆ ತೂತು ಹಾಕಿತು. ಕಂಪನಿ ಅನುಪಾತವನ್ನು 8.3ಕ್ಕೆ ಇಳಿಸಿತು. ಆದರೂ ಹೆಸರು ಕೆಟ್ಟಾಗಿತ್ತು. 2,100ಕ್ಕೆ ತುಸು ಹೆಚ್ಚು ಕಾರುಗಳು ಬಂದ ಮೇಲೆ 1960ರಲ್ಲಿ ತಯಾರಿಕೆ ನಿಂತಿತು. ಒಂದು ನಿರ್ದಿಷ್ಟ ವೇಗದಲ್ಲಿ ಕಂಪನದಿಂದ ಕಾರ್ಬುರೇಟರಿನ ಪೆಟ್ರೋಲ್ ನೊರೆಯಾಗಿ ಮಿಶ್ರಣ ತೆಳುವಾಗುತ್ತಿತ್ತು ಎಂಬ ವಿವರಣೆ ಆಮೇಲೆ ಬಂತು. ಕಾರ್ಖಾನೆಯ ಅಂಕಿಯೂ ಪರಿಸ್ಥಿತಿ ಬದಲಾದರೆ ಎಂಜಿನ್ನನ್ನು ಕೊಲ್ಲಬಹುದು. ಅಂಕೋಲೆಯಿಂದ ಯಲ್ಲಾಪುರದ ಕಡೆ ಅರಬೈಲು ಘಟ್ಟವನ್ನು ಏಪ್ರಿಲ್ ತಿಂಗಳ ಬಿಸಿಲಲ್ಲಿ, ತುಂಬಿದ ಕಾರಿನಲ್ಲಿ, ಟಾಪ್ ಗೇರಿನಲ್ಲಿ ಏರಿಸುವಾಗ ಕೇಳುವ ಟಿಣ್ ಟಿಣ್ ಸದ್ದು ಅದೇ ಎಚ್ಚರಿಕೆ.

ಬಿಗಿತದ ಅಂಕಿ ಮತ್ತು ಉಪ್ಪು ಹಿಡಿದ ಮರೆ

ಎಂಜಿಎಯ ಹೆಡ್ ನಟ್ಟುಗಳಿಗೆ ಪುಸ್ತಕ ಹೇಳುವ ಟಾರ್ಕ್ 50 ಪೌಂಡ್-ಅಡಿ. ಅದು 6.9 ಕಿಲೋಗ್ರಾಂ-ಮೀಟರ್, ಅಥವಾ 68 ನ್ಯೂಟನ್-ಮೀಟರ್. ಒಂದೇ ಬಿಗಿತಕ್ಕೆ ಮೂರು ಅಂಕಿ. ಟಾರ್ಕ್ ರೆಂಚಿನ ಯಾವ ಗೆರೆಯನ್ನು ನೋಡುತ್ತಿದ್ದೇವೆಂದು ಖಾತ್ರಿ ಮಾಡಿಕೊಳ್ಳದೆ ಕೈ ಹಾಕಬಾರದು.

ಟಾರ್ಕ್ ನಮಗೆ ಬೇಕಾದ ಕೊನೆಯ ಫಲವಲ್ಲ. ಬೇಕಾದದ್ದು ಬೋಲ್ಟ್ ಎಳೆದುಕೊಂಡು ಹೆಡ್ಡನ್ನು ಅದುಮುವ ಬಲ. ನಾವು ಹಾಕುವ ಶ್ರಮದಲ್ಲಿ ಸುಮಾರು ಶೇ 90 ಭಾಗ ನಟ್ಟಿನ ಅಡಿಯ ಮತ್ತು ಮರೆಯ ಘರ್ಷಣೆಗೇ ಹೋಗುತ್ತದೆ. ಬೋಲ್ಟನ್ನು ಎಳೆಯಲು ಉಳಿಯುವುದು ಹತ್ತರಲ್ಲಿ ಒಂದು ಪಾಲು. ಉಪ್ಪುಗಾಳಿಗೆ ತುಕ್ಕು ಹಿಡಿದ ಸ್ಟಡ್ಡಿನ ಮೇಲೆ ಅದೇ 50 ಪೌಂಡ್-ಅಡಿ ಹಾಕಿದರೆ ಘರ್ಷಣೆ ಇನ್ನಷ್ಟನ್ನು ತಿಂದು ಹೆಡ್ ಸಡಿಲವಾಗಿ ಕೂರುತ್ತದೆ, ಗ್ಯಾಸ್ಕೆಟ್ ಹೊಡೆಯುತ್ತದೆ. ಒಣ ಮರೆಗೆಂದು ಕೊಟ್ಟ ಅಂಕಿಯನ್ನು ಎಣ್ಣೆ ಸುರಿದ ಮರೆಗೆ ಹಾಕಿದರೆ ಬಲ ಮೂರನೇ ಒಂದು ಪಾಲಿನಷ್ಟು ಹೆಚ್ಚಾಗಿ ಸ್ಟಡ್ ಎಳೆದು ಬಿಡಬಹುದು. ಪುಸ್ತಕದ ಟಾರ್ಕ್ ಅಂಕಿಗೆ ಅರ್ಥ ಬರುವುದು ಮರೆಗಳನ್ನು ತೊಳೆದು, ಪುಸ್ತಕ ಹೇಳಿದ ಸ್ಥಿತಿಯಲ್ಲಿಟ್ಟು, ಹೇಳಿದ ಕ್ರಮದಲ್ಲಿ, ಎರಡು ಮೂರು ಹಂತಗಳಲ್ಲಿ ಬಿಗಿದಾಗ ಮಾತ್ರ.

ಪುಸ್ತಕ ಬರೆದವರು ಕಾಣದ ಪೆಟ್ರೋಲ್

1955ರ ಪುಸ್ತಕ ಸೀಸ ಬೆರೆತ ಪೆಟ್ರೋಲನ್ನು ಕಣ್ಣ ಮುಂದಿಟ್ಟುಕೊಂಡು ಬರೆದದ್ದು. ಸೀಸದ ತೆಳು ಲೇಪ ಎರಕದ ಕಬ್ಬಿಣದ ಎಕ್ಸಾಸ್ಟ್ ಕವಾಟದ ಸೀಟನ್ನು ಕಾಪಾಡುತ್ತಿತ್ತು. ಭಾರತದಲ್ಲಿ 2000ದ ಫೆಬ್ರುವರಿ 1ರಿಂದ ಸೀಸದ ಪೆಟ್ರೋಲ್ ನಿಂತಿತು. ಈಗ ಹೆಡ್ ಕೆಲಸ ಮಾಡಿಸುವವರು ಎಕ್ಸಾಸ್ಟ್ ಕಡೆಗೆ ಗಟ್ಟಿ ಲೋಹದ ಸೀಟು ಕೂರಿಸುವುದು ಅಗತ್ಯ. ಇಲ್ಲವಾದರೆ ಕವಾಟ ಹೆಡ್ಡಿನೊಳಗೆ ಮೆಲ್ಲಗೆ ಇಳಿಯುತ್ತ ಟ್ಯಾಪೆಟ್ ಸಂದು ತಾನಾಗಿಯೇ ಮುಚ್ಚಿಹೋಗುತ್ತದೆ.

ಈಗಿನ ಬಂಕುಗಳಲ್ಲಿ ಸಿಗುವುದು ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕಾದರೆ ಒಂದು ಕಿಲೋ ಎಥೆನಾಲಿಗೆ 9 ಸಾಕು. ಅಂದರೆ ಹಳೆಯ ಜೆಟ್ ಮತ್ತು ಸೂಜಿಯ ಕಾರ್ಬುರೇಟರ್ ಈ ಮಿಶ್ರಣವನ್ನು ಅಷ್ಟೇ ಪ್ರಮಾಣದಲ್ಲಿ ಬಿಟ್ಟರೆ ಎಂಜಿನ್ ಸುಮಾರು ಶೇ 7ರಷ್ಟು ತೆಳುವಾಗಿ ಓಡುತ್ತದೆ. ಎಥೆನಾಲ್ ನಾಕಿಂಗನ್ನು ತಡೆಯುತ್ತದೆ ಎಂಬುದು ಒಳ್ಳೆಯ ಸುದ್ದಿ. ಅದು ನೀರನ್ನು ಹೀರುತ್ತದೆ, ಹಳೆಯ ರಬ್ಬರ್ ಕೊಳವೆಗಳನ್ನು ಕೆಡಿಸುತ್ತದೆ ಎಂಬುದು ತೇವದ ಕರಾವಳಿಯಲ್ಲಿ ಕೆಟ್ಟ ಸುದ್ದಿ. ಬೇರಿಂಗಿನ ಸಂದು, ಜರ್ನಲ್ಲಿನ ವ್ಯಾಸ, ಸ್ಫೋಟದ ಸರದಿ 1-3-4-2 ಎಂಬಂಥ ಅಂಕಿಗಳಿಗೆ ವಯಸ್ಸಾಗುವುದಿಲ್ಲ. ಇಂಧನಕ್ಕೆ ಸಂಬಂಧಿಸಿದ ಜೆಟ್, ಟೈಮಿಂಗ್, ಕವಾಟದ ಸೀಟು ಇವುಗಳ ಅಂಕಿಗಳಿಗೆ ಆಗುತ್ತದೆ. ಎರಡನ್ನೂ ಬೇರೆ ಮಾಡಿ ನೋಡುವುದು ಈ ವಿದ್ಯೆಯ ಅರ್ಧ ಭಾಗ.

ಯಾರನ್ನು ಕೇಳಬೇಕು

ಕಾರ್ಖಾನೆಯ ವರ್ಕ್‌ಶಾಪ್ ಮ್ಯಾನುಯಲ್ ಮೊದಲ ಆಧಾರ, ಅದೂ ನಮ್ಮ ಎಂಜಿನ್ ಸಂಖ್ಯೆ ಒಳಗೊಂಡ ಆವೃತ್ತಿ. ಆಮೇಲೆ ಕಂಪನಿ ತಿದ್ದುಪಡಿಗಳನ್ನು ಪ್ರಕಟಿಸಿದ ಸರ್ವಿಸ್ ಬುಲೆಟಿನ್ನುಗಳು ಮತ್ತು ಬಿಡಿಭಾಗಗಳ ಪಟ್ಟಿ. ಕಾರು ಹುಟ್ಟಿದಾಗ ಯಾವ ಎಂಜಿನ್ ಇತ್ತೆಂದು ತಿಳಿಯಬೇಕಾದ ಎಂಜಿ ಮಾಲೀಕರಿಗೆ ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ತನ್ನ ದಾಖಲೆಗಳಿಂದ ಪ್ರಮಾಣಪತ್ರ ಕೊಡುತ್ತದೆ. ಪಿಸ್ಟನ್, ರಿಂಗು, ಬೇರಿಂಗುಗಳಿಗೆ ಅವುಗಳನ್ನು ತಯಾರಿಸಿದವರ ಚೀಟಿಯೇ ಕೊನೆಯ ಮಾತು. ಇಬ್ಬರು ಒಂದೇ ಅಂಕಿ ಹೇಳಿದಾಕ್ಷಣ ಎರಡು ಸಾಕ್ಷಿ ಸಿಕ್ಕಿತು ಎನ್ನುವಂತಿಲ್ಲ, ಒಬ್ಬರು ಇನ್ನೊಬ್ಬರಿಂದ ಬರೆದುಕೊಂಡಿರಬಹುದು. ಬೇರೆ ಬೇರೆ ಮೂಲದಿಂದ ಬಂದು ಒಂದಾದರೆ ಮಾತ್ರ ಅದು ಸಾಕ್ಷಿ.

ಇವೆಲ್ಲದರ ಜೊತೆಗೆ ನಮ್ಮ ಹಿರಿಯ ಮಿಸ್ತ್ರಿಗಳಿದ್ದಾರೆ. ಕಾರವಾರ, ಅಂಕೋಲೆಗಳಲ್ಲಿ ಬಾಡಿಗೆ ಅಂಬಾಸಡರುಗಳ ಹಾಫ್ ಎಂಜಿನ್, ಫುಲ್ ಎಂಜಿನ್ ಕೆಲಸ ಮಾಡಿದವರು, ಮೀನುಗಾರಿಕೆ ಬೋಟುಗಳ ಡೀಸೆಲ್ ಎಂಜಿನ್ನುಗಳನ್ನು ಇಂದಿಗೂ ಕಟ್ಟುವವರು. ಉಪ್ಪುಗಾಳಿಯಲ್ಲಿ ಯಾವ ಗ್ಯಾಸ್ಕೆಟ್ ನಿಲ್ಲುತ್ತದೆ, ಘಟ್ಟದಲ್ಲಿ ಎಷ್ಟು ಟೈಮಿಂಗ್ ಹಿಂದಿಟ್ಟರೆ ಸದ್ದು ನಿಲ್ಲುತ್ತದೆ ಎಂಬುದು ಅವರ ಅನುಭವದಲ್ಲಿದೆ, ಯಾವ ಮ್ಯಾನುಯಲ್ಲಿನಲ್ಲೂ ಇಲ್ಲ. ಅವರ ಮಾತನ್ನು ಅಳತೆಯೊಂದಿಗೆ ಸೇರಿಸಿ ಬರೆದಿಟ್ಟರೆ ಅದು ಜ್ಞಾನವಾಗಿ ಮುಂದಕ್ಕೆ ಹೋಗುತ್ತದೆ. ಬರೆದಿಡದಿದ್ದರೆ ಅವರೊಂದಿಗೇ ಮುಗಿಯುತ್ತದೆ. 2014ರಲ್ಲಿ ಅಂಬಾಸಡರಿನ ತಯಾರಿಕೆ ನಿಂತಿತು. ಅದರ ಎಂಜಿನ್ನಿನ ಮೇಲೆ ದಿನವೂ ಕೈಯಾಡಿಸಿದವರ ಸಂಖ್ಯೆ ಇನ್ನು ಮೇಲೆ ಕಡಿಮೆಯಾಗುತ್ತಲೇ ಹೋಗುತ್ತದೆ.

ಹಾಗಾಗಿ ಹಳೆಯ ಎಂಜಿನ್ ಬಿಚ್ಚುವ ಪ್ರತಿಯೊಬ್ಬರಲ್ಲೂ, ಮೆಕ್ಯಾನಿಕಲ್ ಓದುವ ಪ್ರತಿ ವಿದ್ಯಾರ್ಥಿಯಲ್ಲೂ ನನ್ನದೊಂದು ಕೋರಿಕೆ. ಬ್ಲಾಕ್ ಬೋರಿಂಗಿಗೆ ಹೋಗುವ ಮೊದಲು ಒಂದು ನೋಟ್‌ಬುಕ್ ತೆಗೆಯಿರಿ. ಮೇಲ್ಗಡೆ ಎಂಜಿನ್ ಸಂಖ್ಯೆ, ದಿನಾಂಕ, ಅಳೆಯುವಾಗಿನ ಉಷ್ಣತೆ, ಬಳಸಿದ ಉಪಕರಣ ಬರೆಯಿರಿ. ಕೆಳಗೆ ಇಪ್ಪತ್ನಾಲ್ಕು ಬೋರ್ ಅಳತೆಗಳು, ಎಲ್ಲ ಜರ್ನಲ್ಲುಗಳ ವ್ಯಾಸ, ನಾಲ್ಕು ಕೋಣೆಗಳ ಗಾತ್ರ. ಪಕ್ಕದಲ್ಲಿ ಪುಸ್ತಕದ ಅಂಕಿ, ಅದು ಯಾವ ಪುಸ್ತಕ, ಯಾವ ಪುಟ. ಎಂಜಿನ್ ಕಟ್ಟಿದ ಮೇಲೆ ಏನು ಮಾಡಿದಿರಿ, ಸಾವಿರ ಕಿಲೋಮೀಟರ್ ಓಡಿದ ಮೇಲೆ ಏನಾಯಿತು ಎಂಬುದನ್ನೂ ಸೇರಿಸಿ. ಒಂದು ಪ್ರತಿಯನ್ನು ಕಾರಿನಲ್ಲೇ ಇಡಿ, ಇನ್ನೊಂದನ್ನು ಕೆಲಸ ಮಾಡಿದ ಮಿಸ್ತ್ರಿಗೆ ಕೊಡಿ. ಆ ಎಂಜಿನ್ನನ್ನು ನಿಮ್ಮ ನಂತರ ಬಿಚ್ಚುವವರಿಗೆ ಇದಕ್ಕಿಂತ ನಂಬಿಕೆಯ ದಾಖಲೆ ಇನ್ನೆಲ್ಲೂ ಸಿಗದು.